ಜೋಯೆಲನ ಕಲ್ಲು

ನರಸಿಂಹರಾಜಪುರ
12 ಸೆಪ್ಟೆಂಬರ್ 2024

ಪ್ರೀತಿಯ ಎಸ್ತೇರ್,

ನೀನೂ ಅಳಿಯಂದಿರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಾಲ್ಕು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮಿಸು. ಕೊಪ್ಪಕ್ಕೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ, ಆದರೂ ಕಾಗದ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಮನೆಗೆ ಬಂದರೆ ಒಳಕೋಣೆ ಸೇರುತ್ತೀ. ಅಂಚೆಯಲ್ಲಿ ಬಂದದ್ದನ್ನಾದರೂ ಬಿಡಿಸಿ ನೋಡುತ್ತೀಯೆಂಬ ಆಸೆ. ನಿನ್ನ ಅಮ್ಮನ ಮಂಡಿನೋವು ಹಾಗೇ ಇದೆ. ನಾನು ಚರ್ಚಿನ ಕಾರ್ಯದರ್ಶಿ ಕೆಲಸಕ್ಕೆ ರಾಜೀನಾಮೆ ಬರೆದು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದೇನೆ.

ವಿಷಯ ನಿನ್ನ ಜೋಯೆಲನ ಸಮಾಧಿಯ ಕಲ್ಲಿನದು. ಹೃದಯದ ತೊಂದರೆಯೊಂದಿಗೆ ಹುಟ್ಟಿ ಮೂವತ್ತೆಂಟೇ ದಿನ ಬದುಕಿದ ಮಗುವಿನ ಕಲ್ಲಿಗಾಗಿ ಚರ್ಚ್ ಕಮಿಟಿ ಮೂರು ಸಲ ಸೇರಿತು ಎಂದರೆ ನಂಬುತ್ತೀಯಾ? ಹೆಸರು, ತಾರೀಖು, ಅದರ ಕೆಳಗೆ "ಯೇಸುವಿನ ಮಡಿಲಲ್ಲಿ" ಎಂದು ನಾನು ಬರೆದುಕೊಟ್ಟಿದ್ದೆ. ಪಾಸ್ಟರ್ ಸುಂದರೇಶ್ ತಡೆದರು. ಅವರು ನಮ್ಮಲ್ಲಿಗೆ ಬಂದು ಇನ್ನೂ ವರ್ಷವಾಗಿಲ್ಲ, ವಯಸ್ಸು ಇಪ್ಪತ್ತೊಂಬತ್ತು. ಬೆಂಗಳೂರಿನಲ್ಲಿ ಎರಡು ವರ್ಷ ಕ್ಯಾಲ್ವಿನನ ಬೋಧನೆ ಓದಿ ಬಂದವರು. ರಕ್ಷಿಸಬೇಕಾದವರನ್ನು ದೇವರು ಲೋಕ ಹುಟ್ಟುವ ಮೊದಲೇ ಆರಿಸಿಟ್ಟಿದ್ದಾನೆ, ನಮ್ಮ ಒಳ್ಳೆಯತನದಿಂದ ಅದು ಬದಲಾಗುವುದಿಲ್ಲ ಎಂಬುದು ಆ ಬೋಧನೆ. ದೊಡ್ಡವರ ವಿಷಯದಲ್ಲಿ ನನಗೂ ತಕರಾರಿಲ್ಲ.

"ಆರಿಸಿದವರ ಪಟ್ಟಿ ನಮ್ಮ ಕೈಲಿಲ್ಲ ಅಂಕಲ್," ಎಂದರು. "ಮಡಿಲಲ್ಲೇ ಇದ್ದಾನೆ ಅಂತ ನಾವು ಹೇಗೆ ಬರೆಯೋದು? ಇರಲಿ ಅಂತ ಆಶಿಸಬಹುದು ಅಷ್ಟೆ."

"ಹಂಗಾದ್ರೆ ಎಂತ ಕೆತ್ತಿಸೋದು? 'ಇದ್ರೂ ಇರಬಹುದು' ಅಂತಲಾ?" ಎಂದೆ.

ಯಾರೋ ಕೆಮ್ಮಿದರು. ಕೊನೆಗೆ "ಕರ್ತನ ಚಿತ್ತದಂತೆ" ಎಂದು ತೀರ್ಮಾನವಾಯಿತು. ಎರಡನೇ ಸಭೆಯಲ್ಲಿ ಅದು ಒರಟಾಯಿತೆಂದು ಒಬ್ಬರು ಎದ್ದರು. ಮೂರನೆಯದರಲ್ಲಿ "ಕರ್ತನ ಕರುಣೆಗೆ ಒಪ್ಪಿಸಿದ್ದೇವೆ" ಎಂದಾಯಿತು. ಪ್ರತಿ ಸಲವೂ ಚೀಟಿ ಹಿಡಿದು ಕಲ್ಲು ಕೆತ್ತುವ ರಫೀಕನ ಹತ್ತಿರ ಓಡಿದವನು ನಾನು.

"ಸಾರ್, ಇದು ಕಲ್ಲು ಮಾರಾಯ್ರೆ, ಸ್ಲೇಟಲ್ಲ," ಎಂದು ಅವನು ಮೂರನೇ ಚೀಟಿಯನ್ನು ವಾಪಸ್ಸೇ ಕೊಟ್ಟ. "ಮಗು ಎಲ್ಲಿದೆ ಅಂತ ಇನ್ನೂ ನಿಮಗೆ ತೀರ್ಮಾನ ಆಗ್ಲಿಲ್ವಾ? ನಮ್ಮಲ್ಲಿ ಹಾಲು ಕುಡಿಯೋ ಮಕ್ಕಳ ವಿಷಯಕ್ಕೆ ಈ ಗಲಾಟೆನೇ ಇಲ್ಲ. ಸೀದಾ ಜನ್ನತ್ತಿಗೆ."

ನನ್ನ ಚರ್ಚಿನಲ್ಲಿ ಸಿಗದ ಮಾತು ಅಲ್ಲಿ ಕಲ್ಲುಪುಡಿಯ ಮಧ್ಯೆ ಸಿಕ್ಕಿತು. ಅದಕ್ಕೂ ನನಗೆ ಸಿಟ್ಟೇ ಬಂತು. ಮನೆಗೆ ಬಂದರೆ ನಿನ್ನ ಅಮ್ಮನದು ಬೇರೆ: "ಆ ಪಾಸ್ಟ್ರಿಗೆ ಮೊದ್ಲು ಮದ್ವೆ ಆಗ್ಲಿ, ಒಂದು ಮಗು ಆಗ್ಲಿ, ಅದು ಅವರ ಅಂಗಿ ಮೇಲೆ ನಾಲ್ಕು ಸಲ ಕಕ್ಕಲಿ. ಆಮೇಲೆ ಬಂದು ಪಟ್ಟಿ ಮಾತಾಡ್ಲಿ."

ನನ್ನ ಸ್ವಭಾವ ನಿನಗೆ ಗೊತ್ತಲ್ಲ. ಯಾರು ಏನೇ ಹೇಳಲಿ, ಎಲ್ಲಿ ಬರೆದಿದೆ ತೋರಿಸಿ ಎನ್ನುವವನು. ಪಾಸ್ಟರ ಕಪಾಟಿನಿಂದಲೇ ಪುಸ್ತಕಗಳನ್ನು ಕೇಳಿ ತಂದು, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಹತ್ತು ದಿನ ಓದಿದೆ. ಸಿಕ್ಕಿತು. ನಾಲ್ಕುನೂರು ವರ್ಷಗಳ ಹಿಂದೆ ಹಾಲೆಂಡಿನಲ್ಲಿ ಇದೇ ಬೋಧನೆಯವರು ಸಭೆ ಸೇರಿ ನಿರ್ಣಯ ಮಾಡಿಬಿಟ್ಟಿದ್ದಾರೆ: ಎಳವೆಯಲ್ಲೇ ತೀರಿಕೊಂಡ ತಮ್ಮ ಮಕ್ಕಳ ರಕ್ಷಣೆಯ ಬಗ್ಗೆ ವಿಶ್ವಾಸಿ ತಂದೆತಾಯಿಗಳು ಸಂಶಯಪಡಬೇಕಾಗಿಲ್ಲ.

ಆ ಪುಟಕ್ಕೆ ಬಸ್ ಟಿಕೆಟ್ ಸಿಕ್ಕಿಸಿ ಪಾಸ್ಟರ ಮುಂದೆ ಇಟ್ಟೆ. ಎರಡು ಸಲ ಓದಿದರು. ಕಿವಿ ಕೆಂಪಾಯಿತು.

"ಇದು ನಮಗೆ... ಪರೀಕ್ಷೆಗೆ ಇರಲಿಲ್ಲ ಅಂಕಲ್."

ಪರೀಕ್ಷೆಗೆ ಇರಲಿಲ್ಲವಂತೆ! ನಿನ್ನ ಮಗನನ್ನು ನಾಲ್ಕು ತಿಂಗಳು ಬಾಗಿಲ ಹೊರಗೆ ನಿಲ್ಲಿಸಿದ್ದು ಇದಕ್ಕೆ. ಬೈಯಬೇಕೆಂದು ಬಾಯಿ ತೆರೆದೆ, ನೋಡಿದರೆ ಅವರ ಕಣ್ಣಲ್ಲಿ ನೀರು. ಎಸ್ತೇರಕ್ಕನ ಹತ್ತಿರ ಬಂದು ಕ್ಷಮೆ ಕೇಳುತ್ತೇನೆ ಎಂದರು. "ಮುಖ ಕೊಟ್ಟರೆ ಕೇಳಿ. ನನಗೇ ಕೊಡ್ತಿಲ್ಲ," ಎಂದು ಎದ್ದು ಬಂದೆ.

ಕಮಿಟಿಗೆ ಹೇಳಿದ್ದೇನೆ, ನಾಲ್ಕನೇ ಸಭೆ ಇಲ್ಲ. ಇಷ್ಟು ಜನ ಇಷ್ಟು ಮಾತಾಡಿದೆವು. ಕಲ್ಲಿನ ಮೇಲೆ ಏನಿರಬೇಕೆಂದು ಹೆತ್ತವಳನ್ನು ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಹೆಸರು, ತಾರೀಖು ಮಾತ್ರ ಕೆತ್ತಿ ಕೆಳಗೆ ಜಾಗ ಬಿಡಲು ರಫೀಕನಿಗೆ ಹೇಳಿದ್ದೇನೆ. ನೀನು ಹೇಳಿದ್ದೇ ಬರುತ್ತದೆ. ಏನೂ ಬೇಡವೆಂದರೆ ಖಾಲಿಯೇ ಇರಲಿ.

ದೇವರು ನಿಮ್ಮಿಬ್ಬರ ಕೈ ಬಿಡದಿರಲಿ. ಊಟ ಬಿಡಬೇಡ ಮಗಳೇ.

ನಿನ್ನ ಪಪ್ಪ,
ಇಸಾಕ್

ತಾ.ಕ.: ಇಷ್ಟು ಹೊತ್ತು ಪಾಸ್ಟರನ್ನು ಬೈದದ್ದು ಈ ಮಾತನ್ನು ಮುಂದೂಡಲಿಕ್ಕೇ. ಮಣ್ಣು ಮಾಡಿದ ದಿನ ಅವರು, "ನೀನು ಆರಿಸಿಕೊಂಡವರಲ್ಲಿ ಈ ಮಗುವೂ ಇದ್ದರೆ ಸೇರಿಸಿಕೋ ಕರ್ತನೇ" ಎಂದು ಪ್ರಾರ್ಥನೆ ಮುಗಿಸಿದಾಗ ಬೇರೆ ಯಾರಿಗೂ ನಾಲಿಗೆ ಏಳಲಿಲ್ಲ. ಮೂವತ್ತು ವರ್ಷದಿಂದ ಪ್ರತಿ ಪ್ರಾರ್ಥನೆಯ ಕೊನೆಗೂ ಎಲ್ಲರಿಗಿಂತ ಮೊದಲು ದನಿ ಎತ್ತುವವನು ನಾನು. ಅವತ್ತೂ, ಕಿವಿಗೆ ಬಿದ್ದದ್ದು ಏನೆಂದು ತಲೆಗೆ ಹತ್ತುವ ಮೊದಲೇ, ಗಟ್ಟಿಯಾಗಿ "ಆಮೆನ್" ಅಂದುಬಿಟ್ಟೆ. ನೀನು ಪಾಸ್ಟರನ್ನು ನೋಡಲಿಲ್ಲ. ತಿರುಗಿ ನನ್ನನ್ನು ನೋಡಿದೆ.