ಹೂಂ ನಿಂತ ದಿನ

ಗಜೇಂದ್ರಗಡ, ಹಳೇ ಬಸ್ ಸ್ಟ್ಯಾಂಡಿನ ಗೋಡೆಯ ಪಕ್ಕ
ಫೆಬ್ರವರಿ ಮೂವತ್ತು, ೨೨೪೧

ಇನ್ನೂರು ವರ್ಷ ಹಿಂದೆ ಕೂತಿರುವ ನಮ್ಮ ಹಿರಿಯರಿಗೆ ಅಡಿವೆಪ್ಪ ಸೂಡಿಯ ಶರಣು.

ಇದುವರೆಗೆ ಕನ್ನಡದಲ್ಲಿ ಅಚ್ಚಾದ ಎಲ್ಲ ಪುಸ್ತಕಗಳನ್ನೂ, ಇನ್ನು ಮುಂದೆ ಅಚ್ಚಾಗಲಿರುವ ಮೂರನ್ನೂ ಸೇರಿಸಿ, ಓದಿ ಮುಗಿಸಿದ ಒಬ್ಬನೇ ಮನುಷ್ಯ ಈ ಭೂಮಿಯ ಮೇಲೆ ನಾನು. ಸೂಡಿ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯನ್ನು ಅರ್ಧಕ್ಕೆ ಬಿಟ್ಟೆ, ಏಕೆಂದರೆ ನನಗೆ ಕಲಿಸಲು ಅಲ್ಲಿ ಏನೂ ಉಳಿದಿರಲಿಲ್ಲ. ಮಾಸ್ತರರು ಕಣ್ಣೀರು ಹಾಕಿಯೇ ಕಳಿಸಿಕೊಟ್ಟರು. ಅದು ಆನಂದದ ಕಣ್ಣೀರು ಎಂದು ನಮ್ಮಣ್ಣ ಹೇಳುತ್ತಿದ್ದ. ಅವನ ಮಾತು ಬಿಡಿ.

ತಾರೀಖು ನೋಡಿ ನಗಬೇಡಿ. ನಿಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತು ಇರಲಿಲ್ಲವಂತೆ. ಪಾಪ, ಬಡ ತಿಂಗಳು. ನಾವು ಅದರ ಅಕ್ಕಪಕ್ಕದ ತಿಂಗಳುಗಳಿಂದ ಒಂದೊಂದು ದಿನ ಕಿತ್ತು ಕೊಟ್ಟು ಅದರ ಮಾನ ಉಳಿಸಿದ್ದೇವೆ. ಮಾತಿನ ನಡುವೆ ನಿಮಗೆ ಗುರುತಿಲ್ಲದ ಶಬ್ದಗಳು ಬಂದರೆ ಕ್ಷಮಿಸಿ. ಶಬ್ದಗಳು ಹೊಸವು, ಬಾಯಿ ಹಳೆಯದು.

ಮೊದಲು ಹಾಳೆಯ ವಿಷಯ ಹೇಳುತ್ತೇನೆ. ನಮ್ಮಲ್ಲಿ ಬರೆಯದ ಬಿಳಿ ಹಾಳೆಯೇ ಸಂಪತ್ತು. ಕಾಗದ ಮಾಡುವ ಗಿಡವೂ ನೀರೂ ಅಪರೂಪವಾದ್ದರಿಂದ, ಮದುವೆಯಲ್ಲಿ ಹುಡುಗಿಗೆ ಹೆತ್ತವರು ಬಂಗಾರದ ಬದಲು ಹಾಳೆ ಹಾಕುತ್ತಾರೆ, ಜಗಳ ಆದರೆ ಹಾಳೆ ದಂಡ ಕಟ್ಟುತ್ತಾರೆ, ಸಾಹುಕಾರ ಹಾಳೆಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಅದರ ಮೇಲೆ ಮಲಗುತ್ತಾನೆ. ಇಂಥಲ್ಲಿ ಪುಸ್ತಕ ಎಷ್ಟಿದ್ದಾವು? ಹೆಚ್ಚಿನ ಜನಕ್ಕೆ ಈಗ ಕಿವಿಗಥೆಯೇ ಗತಿ. ಕಿವಿಗಥೆ ಎಂದರೆ ಗಾಳಿಯಿಂದ ಕಿವಿಗೆ ಬಂದು ಬೀಳುವ ಕಥೆ. ಅದು ಕೇಳುವವನ ಮನಸ್ಸು ನೋಡಿಕೊಂಡು ಹೊರಳುತ್ತದೆ, ನಾಯಕನಿಗೆ ನಮ್ಮದೇ ಹೆಸರಿಡುತ್ತದೆ, ನಾವು ಬೇಡವೆಂದವರನ್ನು ಸಾಯಿಸುತ್ತದೆ. ನಾನು ಎಷ್ಟೋ ಸಲ ರಾಜನಾಗಿ ಬೇಸತ್ತು ಬಿಟ್ಟುಬಿಟ್ಟೆ.

ಬೇಸತ್ತವರಿಗಾಗಿ ಈ ಸೀಮೆಯಲ್ಲಿ ಐದು ಪುಸ್ತಕದಂಗಡಿಗಳಿವೆ: ಗಜೇಂದ್ರಗಡ, ರೋಣ, ನರೇಗಲ್ಲು, ಕುಷ್ಟಗಿ, ಇಳಕಲ್ಲು. ಇವುಗಳ ಬಳಗಕ್ಕೆ ಐದಂಗಡಿ ಕೂಟವೆಂದು ಹೆಸರು. ಒಂದೊಂದು ಪುಸ್ತಕಕ್ಕೂ ಒಂದೇ ಪ್ರತಿ. ಆದ್ದರಿಂದ ನಮ್ಮಲ್ಲಿ ಯಾರೂ ಪುಸ್ತಕವನ್ನು ಒಬ್ಬರೇ ಓದುವುದಿಲ್ಲ. ಒಬ್ಬನೇ ಓದುವುದು ಒಬ್ಬನೇ ಉಂಡಂತೆ. ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಉಳಿದವರು ವಾಕ್ಯಕ್ಕೊಮ್ಮೆ ಹೂಂ ಎನ್ನುತ್ತಾರೆ. ನಿಮ್ಮ ಮಕ್ಕಳು ಕಥೆ ಕೇಳುವಾಗ ಹೂಂಗುಟ್ಟುತ್ತಾರಲ್ಲ, ಅದೇ ಹೂಂ. ನಮ್ಮಲ್ಲಿ ಅದು ಕಾಯಿದೆ. ಒಬ್ಬನ ಹೂಂ ಇದ್ದರೂ ಪುಸ್ತಕಕ್ಕೆ ಜೀವ ಇದೆ. ಎಲ್ಲರ ಹೂಂ ನಿಂತರೆ ಪುಸ್ತಕ ಸತ್ತಂತೆ. ಅಂಗಡಿಯೊಂದು ಸೊರಗಿದರೆ ಉಳಿದ ನಾಲ್ಕು ಅಂಗಡಿಯವರು ಬಂದು ಕಟ್ಟೆಯ ಮೇಲೆ ಕೂರುತ್ತಾರೆ. ಸೊರಗಿದ ಅಂಗಡಿಯವರು ಒಂದು ಪುಸ್ತಕ ಆರಿಸಿ ಓದಬೇಕು. ನಡುವೆ ಹೂಂ ನಿಂತಿತೋ, ಕೂಟದ ಹಿರಿಯರು ಕೈ ಎತ್ತುತ್ತಾರೆ. ಕೈ ಎತ್ತಿದರೆ ಮುಗಿಯಿತು: ಅಂಗಡಿಗೆ ಬೀಗ, ಪುಸ್ತಕಗಳು ನಾಲ್ಕು ಪಾಲು.

ಈ ಸಲ ಸೊರಗಿದ್ದು ನಮ್ಮ ಗಜೇಂದ್ರಗಡದ ಅಂಗಡಿ. ಅದನ್ನು ನಡೆಸುವವಳು ನನ್ನ ಅಣ್ಣನ ಮಗಳು ನೀಲಗಂಗಾ. ಕಿವಿಗಥೆಯ ಹಾವಳಿಯಲ್ಲಿ ಅವಳ ಕಟ್ಟೆಯ ಮೇಲೆ ನಾನೂ ಒಂದು ಕುರಿಯೂ ಬಿಟ್ಟರೆ ಕೂರುವವರಿರಲಿಲ್ಲ. ಆ ಅಂಗಡಿ ಹೋದರೆ ಅವಳಿಗೆ ಬೇರೆ ಬದುಕಿಲ್ಲ. ಅದನ್ನು ಅವಳ ತಾಯಿ ಕಟ್ಟಿದ್ದು, ಅದೇ ಕಟ್ಟೆಯ ಮೇಲೆ ಓದುತ್ತ ಓದುತ್ತ ಕಣ್ಣು ಮುಚ್ಚಿದ್ದು.

ನೀಲಗಂಗಾ ಆರಿಸಿದ್ದು ಯಾರೂ ಆರಿಸದ ಪುಸ್ತಕ. ಅವಳ ಅಂಗಡಿ ಇರುವುದು ನಿಮ್ಮ ಕಾಲದ ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ. ಹಿಂದಿನ ವರ್ಷ ಗೋಡೆ ಸರಿ ಮಾಡಿಸುವಾಗ ಒಂದು ಮುಚ್ಚಿದ ಗೂಡು ಸಿಕ್ಕಿತು, ಗೂಡಿನಲ್ಲಿ ಮುಖಪುಟವಿಲ್ಲದ ಒಂದು ತೆಳು ಪುಸ್ತಕ. ಬರೆದವರ ಹೆಸರಿಲ್ಲ. ಯುದ್ಧವಿಲ್ಲ, ಕೊಲೆಯಿಲ್ಲ, ಯಾರೋ ಒಬ್ಬರು ತಮ್ಮೂರಿನ ಅಂಗಡಿಗಳ ಬಗ್ಗೆ ಬರೆದದ್ದು.

“ಕೊಲಿ ಇಲ್ಲದ ಪುಸ್ತಕಕ್ಕ ಯಾರ ಹೂಂ ಅಂತಾರವ್ವಾ?” ಎಂದೆ.

“ನೀ ಅನ್ನು ಕಾಕಾ. ಹೆಂಗಿದ್ರೂ ನಿನ್ನ ಬಾಯಿ ಸುಮ್ಮನ ಇರೂದಿಲ್ಲ,” ಎಂದಳು.

ಅದು ನನಗೆ ಹೊಗಳಿಕೆಯಾಗಿ ಕೇಳಿಸಿತು. ಕೇಳದೆ ಹೂಂ ಅನ್ನುವುದರಲ್ಲಿ ನನಗೆ ನಲವತ್ತು ವರ್ಷದ ಸಂಸಾರದ ಅಭ್ಯಾಸವಿದೆ. ನೆಂಟರ ಹೂಂ ನಡೆಯುತ್ತದೆಯೇ ಎಂದು ನೀವು ಕೇಳಬಹುದು. ನಡೆಯುತ್ತದೆ; ನೆಂಟರೇ ಅನ್ನದಿದ್ದರೆ ಇನ್ನಾರು ಅಂದಾರು ಎಂಬುದು ಕೂಟದ ವಾದ.

ಈ ವರ್ಷ ಕೈ ಎತ್ತುವ ಅಧಿಕಾರ ಇಳಕಲ್ಲಿನ ಅಂಗಡಿಯ ರಾಜಾಬಕ್ಷಿ ಸಾಹೇಬರದು. ಅವರು ಚಕ್ಕಡಿಯಿಂದ ಇಳಿಯುತ್ತಲೇ ನನ್ನನ್ನು ಕೆಣಕಿದರು. “ಏ ಅಡಿವೆಪ್ಪಾ, ನಿಮ್ಮ ಹುಡುಗಿ ಪುಸ್ತಕ ಮಧ್ಯಾಹ್ನದ ಊಟದ ಮಟಾ ತಡಿಯಂಗಿಲ್ಲ ಬಿಡು.”

“ನಿಮ್ಮೆಲ್ಲಾರ ಹೂಂ ನಿಂತ್ರೂ ನಂದು ನಿಲ್ಲಂಗಿಲ್ಲ,” ಎಂದೆ. “ಕೊನೀ ಸಾಲಿನ ತನಕ ಅಂತೀನಿ. ಒಂದ ಹೂಂ ತಪ್ಪಿದ್ರ ಪೆಟ್ಟಿಗಿ ತುಂಬ ಹಾಳಿ, ಹತ್ತು ಸಾವಿರ, ಎಲ್ಲಾ ನಿಮಗ.”

“ನಿನ್ನ ಹೂಂ ಎಮ್ಮಿ ಒದರಿದಂಗ ಇರತೈತಿ. ಆದ್ರೂ ಆಗ್ಲಿ,” ಎಂದು ಕೈಗೆ ಕೈ ತಟ್ಟಿದರು.

ನೀಲಗಂಗಾ ಓದತೊಡಗಿದಳು. ಮೊದಮೊದಲು ಪಾತ್ರೆ ಅಂಗಡಿ, ಸೈಕಲ್ ಅಂಗಡಿ, ಮಿರ್ಚಿ ಅಂಗಡಿ. ರೋಣದವರು ಆಕಳಿಸುತ್ತ ಹೂಂ ಅಂದರು. ಕುಷ್ಟಗಿಯವರ ಹೂಂ ಮಿರ್ಚಿಯ ಹತ್ತಿರ ಜೋರಾಗಿ, ಆಮೇಲೆ ಕುಂದಿತು. ಬಿಸಿಲು ಕಟ್ಟೆ ಏರುವ ಹೊತ್ತಿಗೆ ನನ್ನದೊಂದೇ ಹೂಂ ಉಳಿದಿತ್ತು. ರಾಜಾಬಕ್ಷಿಯವರು ಕೈಯನ್ನು ಮೊಣಕಾಲ ಮೇಲೆ ತಂದು ಸಿದ್ಧವಾಗಿಟ್ಟುಕೊಂಡರು. ನಾನು ಎಮ್ಮೆಯಂತೆಯೇ ಒದರುತ್ತಿದ್ದೆ, ಒಂದು ಮಾತೂ ಕೇಳುತ್ತಿರಲಿಲ್ಲ.

ಆಗ ಪುಸ್ತಕದಲ್ಲಿ ಬಸ್ ಸ್ಟ್ಯಾಂಡಿನ ಮೂಲೆ ಬಂತು. ಮೂಲೆಯಲ್ಲಿ ಒಂದು ಪುಸ್ತಕದಂಗಡಿ. ನಾವು ಬೆನ್ನು ಆನಿಸಿ ಕೂತಿದ್ದ ಗೋಡೆಯೇ ಅದರ ಗೋಡೆ! ಬಸ್ಸು ತಪ್ಪಿದವರು, ಬಸ್ಸು ಬರದವರು, ಬಿಸಿಲು ತಾಳದವರು ಒಳಗೆ ಬರುತ್ತಾರೆ. ಅಂಗಡಿಯಾಕೆ ಧೂಳು ಒರೆಸುತ್ತ ಇರುತ್ತಾಳೆ, ಕೊಳ್ಳುತ್ತೀರಾ ಎಂದು ಯಾರನ್ನೂ ಕೇಳುವುದಿಲ್ಲ. ನಿಂತವರ ಕಾಲು ನೋಯುವುದನ್ನು ನೋಡಿ ಸ್ಟೂಲು ಸರಿಸುತ್ತಾಳೆ. ಮುಂದಿನ ಸಾಲುಗಳು ನನಗೆ ಬಾಯಿಪಾಠ ಆಗಿವೆ: “ಅಂಗಡಿ ತುಂಬ ಜನವಿದ್ದರು. ಒಬ್ಬರೂ ಮಾತಾಡುತ್ತಿರಲಿಲ್ಲ. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಬೇರೆ ಪುಸ್ತಕ. ಹೊರಗೆ ಬಸ್ಸು ಹಾರ್ನ್ ಹೊಡೆಯಿತು. ಯಾರೂ ತಲೆ ಎತ್ತಲಿಲ್ಲ.”

ಹಿರಿಯರೇ, ನಿಮಗೆ ಇದರಲ್ಲಿ ಏನೂ ಅನ್ನಿಸಲಿಕ್ಕಿಲ್ಲ. ನಮಗೆ ಮೈ ಜುಮ್ಮೆಂದಿತು. ಎಷ್ಟು ಜನವೋ ಅಷ್ಟು ಪುಸ್ತಕ! ಓದಿ ಹೇಳುವವರಿಲ್ಲ, ಹೂಂ ಅನ್ನುವವರಿಲ್ಲ, ಆದರೂ ಒಂದು ಪುಸ್ತಕವೂ ಸತ್ತಿಲ್ಲ. ಒಬ್ಬ ಎಲ್ಲೋ ಸಮುದ್ರದಲ್ಲಿ, ಪಕ್ಕದವಳು ಯಾರದೋ ಅಡಿಗೆಮನೆಯಲ್ಲಿ, ಇಬ್ಬರ ಭುಜಕ್ಕೂ ಭುಜ ತಾಗಿದೆ. ಅದು ಕಿವಿಗಥೆಯೂ ಅಲ್ಲ. ಅಲ್ಲಿ ಕಥೆ ಬಾಗಿರಲಿಲ್ಲ, ಜನ ಬಾಗಿದ್ದರು. ಆ ಬಾಗಿದ ಕೊರಳುಗಳನ್ನು ನಾನು ಕಂಡೆ. ಈ ಗೋಡೆಯ ಆಚೆ, ನನ್ನ ಮೊಣಕೈ ಅಳತೆಯಲ್ಲಿ ಕಂಡೆ.

ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಗುಬ್ಬಿಯ ಸದ್ದು ಕೇಳಿಸಿತು. ಕಟ್ಟೆಯ ಮೇಲೆ ಗುಬ್ಬಿಯ ಸದ್ದು ಕೇಳಿಸುತ್ತಿದೆ ಎಂದರೆ ಹೂಂ ನಿಂತಿದೆ ಎಂದರ್ಥ.

ನೀಲಗಂಗಾ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದಳು. ಅವಳ ಬೆರಳು ಸಾಲಿನ ಮೇಲೆ, ಕಣ್ಣು ತುಂಬಿತ್ತು. ಅವಳಿಗೆ ಅಂಗಡಿ ಹೋಗಿತ್ತು, ಅದೂ ಕಾಕಾನ ಬಾಯಿ ಸುಮ್ಮನಾಗಿ. ರೋಣದವನೊಬ್ಬ ಮೆಲ್ಲಗೆ ಹೇಳಿದ, “ಸಾಹೇಬ್ರ, ಹೂಂ ನಿಂತೈತಿ. ಕೈ ಎತ್ರಿ.”

ರಾಜಾಬಕ್ಷಿಯವರ ಬಾಯಿ ತೆರೆದೇ ಇತ್ತು, ಕೈ ಮೊಣಕಾಲ ಮೇಲೇ ಇತ್ತು. “ಯಾವಾಗ ನಿಂತತಿ?” ಎಂದರು.

“ಆಗಲೇ ನಿಂತತ್ರಿ. ನೀವ ಕೇಳಲಿಲ್ಲೇನು?”

“ನಾ ಎಲ್ಲಿ ಇದ್ನೋ ಮಾರಾಯ ಇಲ್ಲಿ? ಆ ಅಂಗಡ್ಯಾಗ ಇದ್ದೆ,” ಎಂದು ಕಣ್ಣೊರೆಸಿಕೊಂಡರು. ಆಮೇಲೆ ನೀಲಗಂಗಾಳ ಕಡೆ ತಿರುಗಿ ಗದರಿದರು, “ಸುಮ್ಮನ್ಯಾಕ ಕುಂತೀಯವ್ವಾ? ಮುಂದ ಓದು! ಆ ಮಂದಿಗೆ ಬಸ್ಸು ಸಿಕ್ತೋ ಇಲ್ಲೋ?”

ಅವಳು ಓದಿದಳು. ಕೊನೆಯ ಪುಟದವರೆಗೂ ಯಾರೂ ಹೂಂ ಅನ್ನಲಿಲ್ಲ, ಯಾರೂ ಕೈ ಎತ್ತಲಿಲ್ಲ. ಅಂಗಡಿ ಉಳಿಯಿತು.

ಈಗ ಐದೂ ಊರುಗಳಲ್ಲಿ ವಾರಕ್ಕೊಂದು ದಿನ ಮೌನದ ಹೊತ್ತು ನಡೆಯುತ್ತದೆ. ಅಂಗಡಿಯಲ್ಲಿ ಎಷ್ಟು ಪುಸ್ತಕವೋ ಅಷ್ಟೇ ಜನ ಒಳಗೆ. ಉಳಿದವರು ಸರದಿಗೆ ಕಾಯುತ್ತಾರೆ, ಕಾಯುವವರೂ ಪಿಸುಗುಡುವುದಿಲ್ಲ. ನಾನೂ ಕೂರುತ್ತೇನೆ. ಎಲ್ಲ ಪುಸ್ತಕ ಓದಿ ಮುಗಿಸಿದವನು, ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸುತ್ತೇನೆ. “ಕಾಕಾ, ತುಟಿ,” ಎನ್ನುತ್ತಾಳೆ ನೀಲಗಂಗಾ. ಮುಚ್ಚಿಕೊಳ್ಳುತ್ತೇನೆ.

ಈ ಓಲೆಯನ್ನು ಅದೇ ಗೂಡಿನಲ್ಲಿಟ್ಟು ಗೋಡೆ ಮುಚ್ಚುತ್ತೇನೆ. ಆ ಕಡೆಯಿಂದ ಪುಸ್ತಕ ಈ ಕಡೆ ಬಂದಿತೆಂದರೆ ಈ ಕಡೆಯಿಂದ ಒಂದು ಹಾಳೆ ಆ ಕಡೆ ಏಕೆ ಹೋಗಬಾರದು? ಜನ ನಗುತ್ತಾರೆ, ನಗಲಿ. ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಅಂಥ ಮೂಲೆಯ ಅಂಗಡಿಯೊಂದು ನಿಮ್ಮೂರಲ್ಲಿ ಇನ್ನೂ ಇದ್ದರೆ ಒಮ್ಮೆ ಒಳಗೆ ಹೋಗಿ. ಒಂದು ಬಸ್ಸು ತಪ್ಪಿದರೂ ಪರವಾಗಿಲ್ಲ. ನೀವು ತಲೆ ಬಗ್ಗಿಸಿ ಓದಿದಾಗ ಗೋಡೆಯ ಈಚೆ ನಾವು ಉಸಿರು ಬಿಗಿಹಿಡಿದು ಕೂತಿರುತ್ತೇವೆ.

ಹಾಂ, ಪಣ. ಅಂಗಡಿ ಉಳಿದರೂ ನನ್ನ ಹೂಂ ತಪ್ಪಿದ್ದು ತಪ್ಪಿದ್ದೇ ಎಂದು ರಾಜಾಬಕ್ಷಿಯವರು ಕೈ ಚಾಚಿದರು. ಹತ್ತು ಸಾವಿರ ಹಾಳೆ ಕಳೆದುಕೊಂಡ ದಾನಶೂರ ಎಂದು ಊರೆಲ್ಲ ನಾನೇ ಸಾರಿದ್ದೇನೆ. ಇನ್ನೂರು ವರ್ಷ ದೂರ ಇರುವ ನಿಮ್ಮ ಮುಂದೆ ಏನು ಮುಚ್ಚುಮರೆ? ಪೆಟ್ಟಿಗೆ ತೆಗೆದರೆ ಅದರಲ್ಲಿದ್ದದ್ದು ಐದು ಹಾಳೆ, ನನ್ನ ಇಡೀ ಆಯುಷ್ಯದ ಗಳಿಕೆ. ಸಾಹೇಬರು ಎಣಿಸಿ ನೋಡಿ ಒಂದನ್ನು ನನ್ನ ಕಡೆ ಸರಿಸಿದರು. ನಾನು ಸೋತದ್ದು ನಾಲ್ಕು ಹಾಳೆ.

ಐದನೆಯದು ನಿಮ್ಮ ಕೈಯಲ್ಲಿದೆ.