ತಂತಿಯ ಮೇಲೆ ಯಾರೂ ಇರಲಿಲ್ಲ

ಜನವರಿ 14, 1930, ಮಂಗಳವಾರ

ಫೋನಿನಲ್ಲಿ ಅಕ್ಕನ ದನಿ ಇವತ್ತು ಅಷ್ಟು ಸ್ಪಷ್ಟವಾಗಿ ಕೇಳಿಸಿದ್ದೇ ತಲೆ ಕೊರೆಯುತ್ತಿದೆ.

ನಮ್ಮ ರಸ್ತೆಯ ಮನೆಗಳಿಗೆಲ್ಲ ಫೋನಿನ ತಂತಿ ಒಂದೇ. ಯಾರ ಗಂಟೆ ಬಡಿದರೂ ಎಲ್ಲರೂ ಕದ್ದು ಕೇಳಲು ಮೆಲ್ಲಗೆ ರಿಸೀವರ್ ಎತ್ತುತ್ತಾರೆ. ಎತ್ತಿದವರು ಹೆಚ್ಚಾದಷ್ಟೂ ದನಿ ಕುಗ್ಗುತ್ತದೆ. ಊರಿಗೆಲ್ಲ ಸುದ್ದಿ ಮುಟ್ಟಿಸಲು ಅಕ್ಕನಿಗೆ ಫೋನ್ ಮಾಡಿದರೆ ಸಾಕು. ಇವತ್ತು ಮಾಡಿದ್ದೂ ಅದಕ್ಕೇ. ನನ್ನ ಮಗಳು ಜ್ಡೆಂಕಾ ಜಡೆ ಕತ್ತರಿಸಿಕೊಂಡು ಒಮಾಹಾ ನಗರದ ಟೆಲಿಫೋನ್ ಕಚೇರಿಗೆ ಕೆಲಸಕ್ಕೆ ಹೊರಟಿದ್ದಾಳೆ. ಓಡಿಹೋದಳು ಅಂತ ಊರವರು ಕಥೆ ಕಟ್ಟುವ ಮೊದಲೇ, ನಾವೇ ಒಪ್ಪಿ ಕಳಿಸುತ್ತಿದ್ದೇವೆ ಅನ್ನೋದು ಎಲ್ಲರ ಕಿವಿಗೂ ಬೀಳಲಿ ಅಂತ.

"ಯಾಕೆ ಹಂಗೆ ಕಿರುಚ್ತೀಯೇ, ಲಿಡಾ? ಯಾರೂ ಕೇಳ್ತಿಲ್ಲ. ಈ ಹೊತ್ತಿಗೆ ಎಲ್ಲರೂ ರೇಡಿಯೋ ಮುಂದೆ ಕೂತಿರ್ತಾರೆ," ಅಂದಳು ಅಕ್ಕ.

ರೇಡಿಯೋದಲ್ಲಿ ಗುರುತಿಲ್ಲದವರು ನಗೋದನ್ನು ಕೇಳೋದರಲ್ಲಿ ಅಂಥ ರುಚಿ ಏನಿದೆಯೋ. ಕದ್ದು ಕೇಳುವವರನ್ನು ಇಷ್ಟು ದಿನ ಬೈದವಳಿಗೆ, ಯಾರೂ ಇಲ್ಲ ಅಂದಾಗ ಎದೆ ಯಾಕೆ ಖಾಲಿಯಾಯಿತೋ.

ಅಷ್ಟರಲ್ಲಿ ತಂತಿಯೊಳಗೆ ಹಕ್ಕಿ ಗಡಿಯಾರ ಕುಕ್ಕೂ ಅಂತ ಕೂಗಿತು. ಅದಿರೋದು ನಮ್ಮ ರಸ್ತೆಯ ಬೊಜೆನಾ ಅಜ್ಜಿಯ ಮನೆಯಲ್ಲಿ. ಅವರಿಗೆ ರೇಡಿಯೋ ಇಲ್ಲ.

"ಅಜ್ಜೀ, ಇದ್ದೀರಾ?" ಅಂದೆ.

"ನಾನೆಲ್ಲಿ ಕೇಳ್ತಿದ್ದೀನಿ," ಅಂದರು. ಆಮೇಲೆ ಅವರೇ, "ಆ ಜಡೆ ಬಿಸಾಕಿದ್ಯಾ, ಇಟ್ಕೊಂಡಿದ್ದೀಯಾ?"

ಅದು ನನ್ನ ದಿಂಬಿನ ಕೆಳಗಿದೆ ಅಂತ ಅಕ್ಕನಿಗೂ ಹೇಳಿರಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಅಜ್ಜಿಗೆ ಹೇಳಿಬಿಟ್ಟೆ.