ಏಣಿ ಹಿಡಿಯುತ್ತಿದ್ದವನ ಭಯ

ಪ್ರೀತಿಯ ಭಾವ,

ನಿಮಗೆ ಕಾಗದ ಬರೆದು ನನಗೆ ರೂಢಿಯಿಲ್ಲ. ನೀವಿದ್ದಾಗ ಅದರ ಅಗತ್ಯವೇ ಬೀಳಲಿಲ್ಲ. ದಿನವಿಡೀ ನೀವು ಏಣಿಯ ಮೇಲೆ, ನಾನು ಏಣಿಯ ಬುಡದಲ್ಲಿ, ಕೂಗಿದರೆ ಕೇಳುವಷ್ಟು ದೂರ. ಈಗ ಕೂಗಿದರೆ ವಠಾರದವರೆಲ್ಲ ಬಂದು ನಿಲ್ಲುತ್ತಾರೆ, ನೀವೊಬ್ಬರು ಬರುವುದಿಲ್ಲ. ನನಗೆ ಭಯವಾಗುತ್ತಿದೆ. ಅದನ್ನು ಅಕ್ಕನಿಗೆ ಹೇಳುವಂತಿಲ್ಲ, ನಿಮ್ಮ ಮಗಳಿಗಂತೂ ಹೇಳುವಂತೆಯೇ ಇಲ್ಲ. ವಿಷಯ ಇಷ್ಟು: ರಾಧ ಕಿಟಕಿ ತೊಳೆಯುವ ಕೆಲಸಕ್ಕೆ ಸೇರಿದ್ದಾಳೆ. ಹೌದು ಭಾವ, ನಮ್ಮ ಕೆಲಸಕ್ಕೇ. ಪೂರ್ತಿ ಓದಿ, ಆಮೇಲೆ ಬೈಯಿರಿ.

ಗಾಂಧಿಬಜಾರಿನಲ್ಲಿ ನಾವು ಏಣಿ ಹೊತ್ತು ಹೋಗುತ್ತಿದ್ದದ್ದು ನೆನಪಿದೆಯೇ? ಮುಂದೆ ನಿಮ್ಮ ಸೈಕಲ್ಲು, ಹಿಂದೆ ನನ್ನದು, ಇಬ್ಬರ ಹೆಗಲ ಮೇಲೆ ಒಂದೇ ಸರ್ವೆಮರದ ಏಣಿ. ನೀವು ಬ್ರೇಕು ಹಾಕಿದ ಕೂಡಲೇ ನಾನೂ ಹಾಕಬೇಕು, ಇಲ್ಲವಾದರೆ ಇಬ್ಬರೂ ಸೇವಂತಿಗೆ ಬುಟ್ಟಿಯ ಮೇಲೆ. ತಿರುವಿನಲ್ಲಿ ಹೂವಿನ ಹೆಂಗಸರು ನಮ್ಮನ್ನು ನೋಡದೆಯೇ ತಲೆ ಬಗ್ಗಿಸುತ್ತಿದ್ದರು, ಅಷ್ಟು ಅಭ್ಯಾಸವಾಗಿತ್ತು ಅವರಿಗೆ. ದಸರೆಗೆ ಮುಂಚೆ ಶಂಕರಪುರಂ, ಮದುವೆಯ ಕಾಲಕ್ಕೆ ಬಸವನಗುಡಿಯ ಛತ್ರಗಳು. ಸೋಪಿನ ನೀರು, ರಬ್ಬರು ಪಟ್ಟಿ, ಕೊನೆಗೆ ಹಳೇ ಪೇಪರಿನ ಉಂಡೆಯಿಂದ ಒರೆಸಿದರೆ ಗಾಜು ಇದೆಯೋ ಇಲ್ಲವೋ ಎನ್ನುವ ಹಾಗೆ. ಗುಬ್ಬಿಯೊಂದು ಬಂದು ಡಿಕ್ಕಿ ಹೊಡೆದರೆ ನಿಮಗೆ ಪದ್ಮಶ್ರೀ ಸಿಕ್ಕಷ್ಟು ಖುಷಿಯಾಗುತ್ತಿತ್ತು.

ಹತ್ತುವ ಮೊದಲು ನೀವು ಯಾವತ್ತೂ ಒಂದೇ ಮಾತು ಕೇಳುತ್ತಿದ್ದಿರಿ. "ಹಿಡ್ದಿದೀಯೇನೋ ಸೀನ?" ನಾನು "ಹಿಡ್ದಿದೀನಿ, ಹತ್ತಿ" ಅನ್ನಬೇಕು. ಅನ್ನದಿದ್ದರೆ ನಿಮ್ಮ ಕಾಲು ಎರಡನೇ ಮೆಟ್ಟಿಲಿಗೆ ಹೋಗುತ್ತಿರಲಿಲ್ಲ. ಎರಡು ಕೈಯಲ್ಲೂ ಏಣಿ ಹಿಡಿದು, ಕೆಳಗಿನ ಮೆಟ್ಟಿಲನ್ನು ಒಂದು ಕಾಲಲ್ಲಿ ಅದುಮಿ, ಕತ್ತೆತ್ತಿ ನಿಂತರೆ ಆಯಿತು. ರಸ್ತೆಯಲ್ಲಿ ಆನೆ ಹೋದರೂ ನೋಡಬಾರದು, ಮೂಗಿನ ಮೇಲೆ ನೊಣ ಕೂತರೂ ಓಡಿಸಬಾರದು. ನೋಡಿದವರು ನಗುತ್ತಿದ್ದರು, ಇವನ ಕೆಲಸ ಕಂಬವೂ ಮಾಡುತ್ತದೆ ಎಂದು. ಆದರೆ ಭಯ ಯಾರಿಗಿತ್ತು, ಹೇಳಿ? ನೀವು ಮೇಲೆ ನಿಂತು ಹಾಡು ಗುನುಗುತ್ತಿದ್ದಿರಿ. ಕೆಳಗೆ ನಾನು ನಿಮ್ಮ ಹಿಮ್ಮಡಿ ನೋಡುತ್ತ ದೇವರ ಹೆಸರು ಜಪಿಸುತ್ತಿದ್ದೆ.

ಚಾಮರಾಜಪೇಟೆಯಲ್ಲಿ ಹಳೇ ಮನೆ ಕೆಡವಿ ಕಟ್ಟಿದ ಆ ಬಟ್ಟೆ ಅಂಗಡಿಯ ಬೆಳಿಗ್ಗೆಯನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ. ಮುಂಭಾಗವೆಲ್ಲ ಗಾಜು, ಕೆಳಗೆ ಮುಖ ಕಾಣುವ ಹಾಗೆ ಪಾಲಿಶ್ ಮಾಡಿದ ಗ್ರಾನೈಟು. ನಾವು ಎಂದಿನಂತೆ ಏಣಿಯ ಕಾಲಿಗೆ ಗೋಣಿತಾಟು ಸುತ್ತಿ, ನೀರು ಹಾಕಿ ನೆನೆಸಿದೆವು. ಚಪ್ಪಡಿ ಕಲ್ಲಿನ ಮೇಲೆ ಒದ್ದೆ ಗೋಣಿ ಕಚ್ಚಿಕೊಂಡು ಕೂರುತ್ತದೆ, ಅಲುಗಾಡುವುದಿಲ್ಲ. ಅಷ್ಟು ವರ್ಷ ನಮ್ಮನ್ನು ಕಾಪಾಡಿದ್ದೇ ಅದು. ಪಾಲಿಶ್ ಕಲ್ಲಿನ ಮೇಲೆ, ಅದೂ ಮೇಲಿಂದ ಸೋಪಿನ ನೀರು ತೊಟ್ಟಿಕ್ಕುವಾಗ, ಅದೇ ಗೋಣಿ... ನಮಗೆ ಹೇಗೆ ಗೊತ್ತಾಗಬೇಕಿತ್ತು? ಏಣಿ ನನ್ನ ಕೈಯಲ್ಲೇ ಇತ್ತು ಭಾವ. ಕೈಯಲ್ಲಿದ್ದುಕೊಂಡೇ ಜಾರಿತು, ಅದರ ಜೊತೆ ನಾನೂ ಜಾರಿದೆ. ನೀವು ಬಿದ್ದ ಮೇಲೂ ನಾನು ಅದನ್ನು ಹಿಡಿದೇ ಇದ್ದೆನಂತೆ. ಬೆರಳು ಬಿಡಿಸಲು ಇಬ್ಬರು ಬೇಕಾಯಿತೆಂದು ಆಮೇಲೆ ಹೇಳಿದರು.

ನಿಮ್ಮ ಕಾರ್ಯ ಮುಗಿಯುವ ತನಕ ಬಂದವರೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಕೇಳಿದರು, ಕೈ ಬಿಟ್ಟೆಯಾ ಎಂದು. ಅಕ್ಕ ಮಾತ್ರ ಕೇಳಲಿಲ್ಲ. ಅವಳು ಕೇಳದೇ ಇದ್ದದ್ದೇ ನನಗೆ ಹೆಚ್ಚು ಭಯ ಹುಟ್ಟಿಸಿತು. ಅಂದಿನಿಂದ ನಾನು ಯಾರಿಗೂ ಏಣಿ ಹಿಡಿಯಲಿಲ್ಲ. ನಾನೇ ಹತ್ತಿದೆ. ಧೈರ್ಯ ಬಂತು ಅಂದುಕೊಳ್ಳಬೇಡಿ. ಬೀಳುವ ಭಯಕ್ಕಿಂತ ಹಿಡಿಯುವ ಭಯ ದೊಡ್ಡದು, ಅಷ್ಟೇ. ಕೆಳಗೆ ಯಾರನ್ನೋ ನಿಲ್ಲಿಸಿ, ಮೇಲಿನ ಗಾಜಿನ ಹತ್ತಿರ ಹೋದಾಗ ಏಣಿಯನ್ನು ತಬ್ಬಿಕೊಂಡು ಕಣ್ಣು ಮುಚ್ಚುತ್ತಿದ್ದೆ. ಸಂಜೆ ಮನೆಗೆ ಹೋದರೆ ಅಕ್ಕ ಮೊದಲು ನನ್ನ ಕಾಲು ನೋಡುತ್ತಿದ್ದಳು, ಆಮೇಲೆ ಮುಖ.

ಹೊಸ ಸಲಕರಣೆ ಬಂದ ದಿನ ನೀವಿರಬೇಕಿತ್ತು. ಅಷ್ಟು ಹೊತ್ತಿಗೆ ನಾನು ಒಂದು ಕಂಪನಿಯ ಕೆಳಗೆ ಕೆಲಸಕ್ಕಿದ್ದೆ. ಊರಲ್ಲಿ ಎಲ್ಲಿ ನೋಡಿದರೂ ಗಾಜು ಏಳುತ್ತಿದ್ದ ಕಾಲ. ಛತ್ರಿಯ ಹಿಡಿಯ ಹಾಗೆ ಒಂದರೊಳಗಿಂದ ಒಂದು ಎಳೆಯುತ್ತ ಹೋದರೆ ಮೂರನೇ ಮಹಡಿ ಮುಟ್ಟುವ ಕೋಲು, ತುದಿಯಲ್ಲಿ ಬ್ರಷ್ಷು, ಬ್ರಷ್ಷಿನ ತೂತುಗಳಿಂದ ನೀರು. ನೀರು ಗಾಡಿಯ ಮೇಲಿನ ಟ್ಯಾಂಕಿನಿಂದ ಪೈಪಿನಲ್ಲಿ ಮೇಲೇರುತ್ತದೆ. ಅದು ಬೋರ್‌ವೆಲ್ ನೀರಲ್ಲ. ಉಪ್ಪು, ಸುಣ್ಣ ಏನೂ ಉಳಿಯದ ಹಾಗೆ ಸೋಸಿದ್ದು. ಸೋಪು ಬೇಡ, ಒರೆಸುವುದೂ ಬೇಡ, ಉಜ್ಜಿ ಬಿಟ್ಟರೆ ತಾನೇ ಒಣಗುತ್ತದೆ ಎಂದ ಕಲಿಸಲು ಬಂದವನು. ನಾನು ನಕ್ಕುಬಿಟ್ಟೆ. ಮಲ್ಲೇಶ್ವರದ ಒಂದು ನರ್ಸಿಂಗ್ ಹೋಮಿನ ಗಾಜನ್ನು ನೆಲದ ಮೇಲೆ ನಿಂತೇ ತೊಳೆದು ತೋರಿಸಿದ. ಒಣಗುವ ತನಕ ಕಾದು, ಒಳಗಿನ ಮೆಟ್ಟಿಲು ಹತ್ತಿ ಹೋಗಿ ಗಾಜಿಗೆ ಮೂಗು ಒತ್ತಿ ನೋಡಿದೆ. ಒಂದು ಚುಕ್ಕೆ ಇಲ್ಲ. ಕೆಳಗಿಳಿದು ಬಂದು ಜನರೇಟರಿನ ಹಿಂದೆ ನಿಂತು ಅತ್ತೆ. ಇದೇ ಕೋಲು ಇನ್ನೊಂದಿಷ್ಟು ವರ್ಷ ಮೊದಲು ಬಂದಿದ್ದರೆ...

ಭಯ ಹೋಯಿತು ಅಂದುಕೊಂಡೆ. ಎಲ್ಲಿ ಹೋಗುತ್ತದೆ? ಕರೆಂಟಿನ ತಂತಿಯಿಂದ ಎರಡಾಳು ದೂರ ಇರಬೇಕು, ಕೋಲು ತಾಗಿದರೆ ಕೈಯಲ್ಲಿ ಹಿಡಿದವನು ಉಳಿಯುವುದಿಲ್ಲ ಎಂದು ಆ ಮನುಷ್ಯ ಹೇಳಿ ಹೋದ. ಅವನು ನಮ್ಮ ಬೀದಿಗಳನ್ನು ನೋಡಿರಲಿಲ್ಲ. ನಮ್ಮಲ್ಲಿ ತಂತಿಯ ಮೇಲಿನ ಕಾಗೆ ಕೊಕ್ಕು ಚಾಚಿ ಕಿಟಕಿಯೊಳಗಿನ ಇಡ್ಲಿ ಎತ್ತಿಕೊಂಡು ಹೋಗುತ್ತದೆ. ಮೊದಲು ಮನುಷ್ಯನನ್ನು ನೋಡುತ್ತ ನಿಲ್ಲುತ್ತಿದ್ದವನು ಈಗ ತಂತಿ ನೋಡುತ್ತ ನಿಲ್ಲತೊಡಗಿದೆ. ಕನಸಿನಲ್ಲೂ ತಂತಿ.

ರಾಧ ಈ ಕೆಲಸಕ್ಕೆ ಬರುತ್ತೇನೆಂದ ಸಂಜೆ ಅಕ್ಕ ಒಲೆ ಆರಿಸಿ ಗೋಡೆಗೆ ಒರಗಿ ಕೂತುಬಿಟ್ಟಳು. ಕಂಪನಿಯವರು ಹೆಣ್ಣುಮಕ್ಕಳನ್ನೂ ತೆಗೆದುಕೊಳ್ಳುತ್ತಿದ್ದರು, ಹತ್ತುವುದೇ ಇಲ್ಲವಲ್ಲ ಎಂದು. ವೈಯಾಲಿಕಾವಲ್‌ನ ಝೆರಾಕ್ಸ್ ಅಂಗಡಿಯಲ್ಲಿ ನಿಂತು ನಿಂತು ಸಾಕಾಗಿತ್ತು ರಾಧಳಿಗೆ. ಹಟದಲ್ಲಿ ಅವಳು ಯಾರ ಮಗಳು ಎಂದು ನಿಮಗೆ ಹೇಳಬೇಕಿಲ್ಲ.

"ಮೇಲೆ ಹತ್ತೋದೇ ಇಲ್ಲಮ್ಮ. ನೆಲದ ಮೇಲೇ ನಿಂತಿರ್ತೀನಿ" ಎಂದಳು.

ಅಕ್ಕ ನನ್ನ ಕಡೆ ಕೈ ತೋರಿಸಿದಳು. "ಇವನೂ ನೆಲದ ಮೇಲೇ ನಿಂತಿದ್ದ. ಏನಾಗಿದಾನೆ ನೋಡು."

ಇಷ್ಟು ವರ್ಷಗಳಲ್ಲಿ ಅಕ್ಕ ಆ ದಿನದ ಬಗ್ಗೆ ಆಡಿದ್ದು ಅದೊಂದೇ ಮಾತು. ನನಗೆ ಊಟ ಸೇರಲಿಲ್ಲ. ಆದರೂ ರಾಧ ಸೇರಿಯೇ ಸೇರಿದಳು, ನನ್ನ ಗಾಡಿಗೇ ಹಾಕಿಸಿಕೊಂಡಳು. ಅಕ್ಕ ಅವಳ ಜೊತೆ ಮಾತು ಬಿಟ್ಟಳು. ಡಬ್ಬಿ ಕಟ್ಟುವುದನ್ನು ಮಾತ್ರ ಬಿಡಲಿಲ್ಲ.

ಈ ವರ್ಷದ ಆಯುಧಪೂಜೆಗೆ ಅಕ್ಕ ಕರೆಯದೆಯೇ ಬಂದಳು. ಗಾಡಿಗೆ ಬಾಳೆಕಂದು ಕಟ್ಟಿ, ಕೋಲಿಗೆ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದೆವು. ಅವಳು ಮುಂದೆ ನಿಂತು ಆರತಿ ಎತ್ತಿದಳು, ಮಗಳ ಹಣೆಗೆ ಕುಂಕುಮವಿಟ್ಟಳು, ಒಂದೆರಡು ಮಾತೂ ಆಡಿದಳು. ಅಂತೂ ಒಲಿದಳು ಎಂದು ನಮಗೆ ಹೋದ ಜೀವ ಬಂದ ಹಾಗಾಯಿತು. ಅವಳ ಸೆರಗಿನ ಮರೆಯಲ್ಲಿ ಒಂದು ತಂಬಿಗೆ ಇದ್ದದ್ದನ್ನು ನೋಡಿದ್ದೆ. ದೇವಸ್ಥಾನದಿಂದ ಬರುತ್ತಿದ್ದಾಳೆ, ಇರುತ್ತದೆ ಅಂದುಕೊಂಡೆ.

ಮಾರನೇ ದಿನ ಮಲ್ಲೇಶ್ವರದ ಒಂದು ಕಟ್ಟಡದ ಮುಂದೆ ರಾಧ ಕೋಲು ಎತ್ತಿ ನಿಂತಿದ್ದಳು. ನಾನು ಪೈಪು ಬಿಡುತ್ತ ಪಕ್ಕದಲ್ಲಿದ್ದೆ. ಮೇಲೆ ನೀರು ತಡೆತಡೆದು ಬರತೊಡಗಿತು. ಏನೋ ಸಿಕ್ಕಿಕೊಂಡಿದೆ ಮಾಮ ಎಂದು ಅವಳು ಕೋಲನ್ನು ಒಮ್ಮೆ ಕೊಡವಿದಳು. ಅಷ್ಟು ಉದ್ದದ ಕೋಲನ್ನು ಬುಡದಲ್ಲಿ ಕೊಡವಿದರೆ ತುದಿ ಎಲ್ಲಿಗೆ ಹೋಗುತ್ತದೆ? ಬಾಗಿ ಬೀದಿಯ ಕಡೆಗೆ ಬಂತು, ತಂತಿಯ ಕಡೆಗೆ. ಅವಳ ಕಣ್ಣು ಟ್ಯಾಂಕಿನ ಮೇಲಿತ್ತು. ಕೂಗಿದರೆ ನನ್ನ ಕಡೆ ತಿರುಗುತ್ತಾಳೆ, ತಿರುಗಿದರೆ ಕೋಲೂ ತಿರುಗುತ್ತದೆ. ನನಗೆ ಕೂಗಲು ಆಗಲಿಲ್ಲ. ಹೋಗಿ ಅವಳ ಕೈಗಳ ಮೇಲುಗಡೆ ಕೋಲನ್ನು ಹಿಡಿದೆ. ತಾಗಿದರೆ ಇಬ್ಬರೂ ಹೋಗುತ್ತೇವೆಂದು ಗೊತ್ತಿತ್ತು, ಕೈ ಕೇಳಲಿಲ್ಲ. ಬ್ರಷ್ಷಿಗೂ ತಂತಿಗೂ ನಡುವೆ ಒಂದು ಮೊಳವಿತ್ತೋ ಇಲ್ಲವೋ. ಅಲ್ಲೇ ನಿಂತಿತು.

ಇಬ್ಬರೂ ಸೇರಿ ಮೆಲ್ಲಗೆ ಇಳಿಸಿದೆವು. ನನ್ನ ಮುಖ ನೋಡಿ ಅವಳಿಗೂ ಅರ್ಥವಾಯಿತು. ಬ್ರಷ್ಷು ಬಿಚ್ಚಿ ನೋಡಿದರೆ ತೂತಿನಲ್ಲಿ ನೆನೆದ ತುಳಸಿ ಎಲೆ. ಟ್ಯಾಂಕಿನ ಮುಚ್ಚಳ ತೆಗೆದರೆ ಪಚ್ಚಕರ್ಪೂರದ ವಾಸನೆ. ಮೇಲೆ ತೊಳೆದ ಗಾಜಿನ ತುಂಬ ಹಳದಿ ಚುಕ್ಕೆ. ಮಗಳ ಕೂದಲೂ ಕೊಂಕದಿರಲಿ ಎಂದು ಅಕ್ಕ ತೀರ್ಥವನ್ನು ಟ್ಯಾಂಕಿಗೇ ಸುರಿದಿದ್ದಳು. ಇಬ್ಬರೂ ರಸ್ತೆಯ ಬದಿಯಲ್ಲಿ ಕೂತುಬಿಟ್ಟೆವು. ನಗಬೇಕೋ ಅಳಬೇಕೋ, ನೀವೇ ಹೇಳಿ.

ರಾಧ ಹೇಳಿದಳು, "ಅಮ್ಮಂಗೆ ಹೇಳ್ಬೇಡಿ ಮಾಮ. ಗೊತ್ತಾದ್ರೆ ಅವಳು ಉಳಿಯಲ್ಲ."

ಹೇಳಿಲ್ಲ. ಟ್ಯಾಂಕು ಹಾಳಾಗುತ್ತದೆ, ಇನ್ನು ಮೇಲೆ ತೀರ್ಥವನ್ನು ನಮ್ಮ ಬಾಯಿಗೇ ಹಾಕು ಎಂದು ಅಕ್ಕನಿಗೆ ತಮಾಷೆಯಾಗಿ ಹೇಳಿದೆ. ಅವಳು ಕಳ್ಳಿಯ ಹಾಗೆ ತಲೆ ತಗ್ಗಿಸಿ ನಕ್ಕಳು. ಈಗ ಬೆಳಿಗ್ಗೆ ಹೊರಡುವಾಗ ಇಬ್ಬರ ಅಂಗೈಗೂ ಒಂದೊಂದು ಉದ್ಧರಣೆ ತೀರ್ಥ ಬೀಳುತ್ತದೆ.

ನಿಮಗೆ ಹೇಳಲೇಬೇಕಾದ ಸುದ್ದಿ ಇನ್ನೊಂದಿದೆ. ಸೋಮವಾರದಿಂದ ರಾಧಳಿಗೆ ಬೇರೆ ಗಾಡಿ. ಶಂಕರಪುರಂನ ಒಂದು ಬ್ಯಾಂಕಿನ ಕಟ್ಟಡ ಪೂರ್ತಿ ಅವಳದೇ, ಪಕ್ಕದಲ್ಲಿ ನಾನಿಲ್ಲ. ಕೆಲಸ ಚೆನ್ನಾಗಿ ಮಾಡುತ್ತಾಳೆಂದು ಕಂಪನಿಯವರೇ ಕೊಟ್ಟದ್ದು. ಆ ತಂತಿಯ ದಿನದ ಮೇಲಂತೂ ಒಂದು ಕಣ್ಣು ಸದಾ ಮೇಲೆಯೇ ಇಟ್ಟಿರುತ್ತಾಳೆ. ನಾನು ಹೋಗಿ ಜಾಗ ನೋಡಿ ಬಂದೆ. ಎದುರಿಗೇ ಕಂಬ, ಹೊಂಗೆ ಮರದೊಳಗೆ ನುಗ್ಗಿ ಹೋದ ತಂತಿ. ಬರಲೇನೇ ಎಂದು ಕೇಳಿದ್ದಕ್ಕೆ, ನೀವು ಪಕ್ಕದಲ್ಲಿ ನಿಂತರೆ ನನಗೂ ಭಯ ಅಂಟಿಕೊಳ್ಳುತ್ತದೆ, ಬರಬೇಡಿ ಎಂದಳು. ಸರಿಯಾಗಿಯೇ ಹೇಳಿದಳು. ಆದರೂ ಹೋಗುತ್ತೇನೆ. ರಸ್ತೆಯ ಈಚೆ ಒಂದು ಟೀ ಅಂಗಡಿಯಿದೆ, ಅಲ್ಲಿ ಕೂತರೆ ಅವಳಿಗೆ ನಾನು ಕಾಣುವುದಿಲ್ಲ.

ಅವಳ ಮೇಲಿನ ಕಣ್ಣು ತೆಗೆಯುವುದಿಲ್ಲ ಭಾವ, ಅಷ್ಟು ಮಾತು ಕೊಡುತ್ತೇನೆ. ಅವಳ ಕೋಲು ಅವಳ ಕೈಯಲ್ಲೇ ಇರುತ್ತದೆ. ರಸ್ತೆಯ ಈಚೆ ದಡದಲ್ಲಿ ನನಗೆ ಹಿಡಿಯಲು ಏನೂ ಇರುವುದಿಲ್ಲ. ಅಷ್ಟು ಹೊತ್ತು ಈ ಎರಡು ಕೈಗಳನ್ನು ಏನು ಮಾಡಲಿ?

ನಿಮ್ಮ
ಸೀನ